ಸಾವಿನ ಗೆರೆ ಎಳೆಯೋರು ಯಾರು?

ಈ ಸಲದ ಟೆಕ್ ಫೆಸ್ಟ್‌ನಲ್ಲಿ ರೋಬೋ ವಾರ್ ಅಖಾಡದ ಪಕ್ಕ ಒಂದು ಸಣ್ಣ ಸ್ಟಾಲ್ ಇತ್ತು, ನೋಡಿರಬಹುದು. ಅಂಗಾಂಗ ದಾನದ ಪ್ರತಿಜ್ಞೆ. ಒಂದು ಬ್ಯಾನರ್, ಒಂದು ಕ್ಯೂಆರ್ ಕೋಡ್, ಹೆಸರು ಕೊಟ್ಟವರಿಗೆ ಕೈಗೆ ಹಸಿರು ಬ್ಯಾಂಡ್. ಕ್ಲಬ್‌ನ ನಾವು ಐದು ಜನ ಒಟ್ಟಿಗೆ ಹೋಗಿದ್ದೆವು. ಸ್ಕ್ಯಾನ್ ಮಾಡಿ, ಹೆಸರು, ಫೋನ್ ನಂಬರ್ ತುಂಬಿ, ಹೃದಯ, ಲಿವರ್, ಕಿಡ್ನಿ, ಕಣ್ಣು ಎಲ್ಲಕ್ಕೂ ಟಿಕ್ ಹಾಕಿ ಮುಗಿಸೋಕೆ ಒಂದು ನಿಮಿಷವೂ ಹಿಡಿಯಲ್ಲ. ಮೂರು ಜನ ಮುಗಿಸಿಯೂ ಆಗಿತ್ತು. ನಾಲ್ಕನೆಯವನು ಸ್ಟಾಲ್‌ನಲ್ಲಿ ಕೂತಿದ್ದ ಫಸ್ಟ್ ಇಯರ್ ಹುಡುಗನನ್ನ ಕೇಳಿದ.

"ಬ್ರೈನ್ ಡೆಡ್ ಆದ್ಮೇಲೆ ತಗೋತಾರೆ ಅಂತ ಬರೆದಿದೆಯಲ್ಲ, ಆಗ ಹಾರ್ಟ್ ಬಡೀತಾ ಇರುತ್ತಾ?"

ಹುಡುಗ ಒಮ್ಮೆ ತಿರುಗಿ ಬ್ಯಾನರ್ ನೋಡಿದ. "ಬಡೀತಿರುತ್ತೆ ಅಣ್ಣಾ. ಆದ್ರೆ ಸತ್ತಿರ್ತಾರೆ."

"ಹಾರ್ಟ್ ಬಡೀತಿರುತ್ತೆ, ಆದ್ರೆ ಸತ್ತಿರ್ತಾರೆ?"

"ಹ್ಞೂಂ ಅಣ್ಣಾ."

ಹುಡುಗ ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕಾನೂನು ಹೇಳೋದೂ ಅದನ್ನೇ. ಆದರೆ ನಾಲ್ಕನೆಯವನು ಮೊಬೈಲ್ ಜೇಬಿಗೆ ಹಾಕಿಕೊಂಡುಬಿಟ್ಟ. ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಎರಡು ಗಂಟೆವರೆಗೂ ಇದೇ ಜಗಳ. ಅಂಗಾಂಗ ದಾನದಂಥ ಒಳ್ಳೇ ಕೆಲಸಕ್ಕೆ ಕೊಂಕು ತೆಗೀತಾನೆ ಅಂತ ಮೂವರು, ಗೊತ್ತಿಲ್ಲದ್ದಕ್ಕೆ ಟಿಕ್ ಹಾಕೋದು ಹೇಗೆ ಅಂತ ಅವನು. ಐದನೆಯವಳು ಮೊದಲೇ ಎದ್ದು ಲೇಡೀಸ್ ಹಾಸ್ಟೆಲ್‌ಗೆ ಹೋಗಬೇಕಾಗಿತ್ತು, ಮಾರನೇ ದಿನ ಬಂದು ಒಂದು ಹೆಸರು ಹೇಳಿದಳು. ಕಳೆದ ಸೆಮಿಸ್ಟರ್‌ನ ಎಥಿಕ್ಸ್ ಎಲೆಕ್ಟಿವ್‌ನಲ್ಲಿ ಅವಳು ಸೆಮಿನಾರ್ ಕೊಟ್ಟಿದ್ದ ತತ್ವಶಾಸ್ತ್ರಜ್ಞ ಹಾನ್ಸ್ ಯೋನಾಸ್. ಆಮೇಲಿನ ಒಂದೂವರೆ ತಿಂಗಳು ಲೈಬ್ರರಿಯಿಂದ ತಂದು, ಪಿಡಿಎಫ್ ಹುಡುಕಿ, ಅರ್ಥವಾದಷ್ಟು ಓದಿದೆವು. ಈ ಬರಹ ಅದರ ಫಲ.

ಯೋನಾಸ್ ಹುಟ್ಟಿದ್ದು 1903ರಲ್ಲಿ, ಜರ್ಮನಿಯ ಒಂದು ಯಹೂದಿ ಕುಟುಂಬದಲ್ಲಿ. ಹುಸೆರ್ಲ್, ಹೈಡೆಗರ್ ಅವರಂಥ ಘಟಾನುಘಟಿಗಳ ಶಿಷ್ಯ, ಹಾನಾ ಅರೆಂಟ್‌ಗೆ ಕಾಲೇಜು ದಿನಗಳಿಂದಲೂ ಸ್ನೇಹಿತ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ದೇಶ ಬಿಟ್ಟರು. ತಿರುಗಿ ಬಂದರೆ ಗೆಲ್ಲುವ ಸೈನ್ಯದ ಸೈನಿಕನಾಗಿಯೇ ಬರುತ್ತೇನೆ ಅಂತ ಶಪಥ ಮಾಡಿ ಹೋದವರು, ಬ್ರಿಟಿಷ್ ಸೈನ್ಯದ ಯಹೂದಿ ಬ್ರಿಗೇಡ್ ಸೇರಿ, ಇಟಲಿಯಲ್ಲಿ ಯುದ್ಧ ಮಾಡಿ, 1945ರಲ್ಲಿ ಹಾಗೇ ಬಂದರು. ಆಗಲೇ ಗೊತ್ತಾಗಿದ್ದು, ತಾಯಿಯನ್ನ ಆಶ್‌ವಿಟ್ಸ್‌ನಲ್ಲಿ ಕೊಂದಿದ್ದಾರೆ ಅಂತ.

ಆ ಯುದ್ಧದ ದಿನಗಳಲ್ಲಿ ಕೈಯಲ್ಲಿ ಪುಸ್ತಕಗಳಿಲ್ಲ, ಲೈಬ್ರರಿ ಇಲ್ಲ. ಹೆಂಡತಿ ಲೋರೆಗೆ ಪತ್ರ ಬರೆಯುತ್ತಿದ್ದರು. ಆ ಪತ್ರಗಳಲ್ಲಿ ಊಟ ತಿಂಡಿ ಕ್ಷೇಮಸಮಾಚಾರದ ಜೊತೆಗೆ ಇನ್ನೊಂದು ವಿಷಯ ಶುರುವಾಯಿತು: ಜೀವ ಅಂದರೆ ಏನು? ಸುತ್ತ ದಿನಾ ಹೆಣ ಬೀಳುತ್ತಿರುವಾಗ ಹುಟ್ಟಿದ ಪ್ರಶ್ನೆ ಅದು. ಯುದ್ಧ ಮುಗಿದು ಇಪ್ಪತ್ತೊಂದು ವರ್ಷದ ಮೇಲೆ, 1966ರಲ್ಲಿ, 'ದ ಫಿನಾಮಿನನ್ ಆಫ್ ಲೈಫ್' ಅನ್ನೋ ಪುಸ್ತಕವಾಗಿ ಬಂತು. ಅಷ್ಟು ಹೊತ್ತಿಗೆ ಅವರು ನ್ಯೂಯಾರ್ಕ್‌ನಲ್ಲಿ ಮೇಷ್ಟ್ರು.

ಪುಸ್ತಕ ಸುಲಭವಿಲ್ಲ, ಒಪ್ಪಿಕೊಳ್ತೀವಿ. ಆದರೆ ಅದರ ನಡುವಿನ ಒಂದು ವಾದ ಮೆಕ್ಯಾನಿಕಲ್‌ನವರಿಗೆ ತಕ್ಷಣ ಹಿಡಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಹೀಗೆ: ಬೈಕಿಗೆ ಪೆಟ್ರೋಲ್ ಹಾಕ್ತೀವಿ. ಪೆಟ್ರೋಲ್ ಉರಿಯುತ್ತೆ, ಹೊಗೆಯಾಗಿ ಹೊರಗೆ ಹೋಗುತ್ತೆ. ಪಿಸ್ಟನ್ ಪಿಸ್ಟನ್ನೇ, ಸಿಲಿಂಡರ್ ಸಿಲಿಂಡರೇ. ಇಂಧನ ಎಂಜಿನ್ ಒಳಗಿಂದ ಹಾದು ಹೋಗುತ್ತದೆ ಅಷ್ಟೇ, ಎಂಜಿನ್ ಆಗುವುದಿಲ್ಲ. ಆದರೆ ಬೆಳಿಗ್ಗೆ ಮೆಸ್‌ನಲ್ಲಿ ತಿಂದ ಇಡ್ಲಿ? ಅದು ಸ್ನಾಯುವಾಗುತ್ತೆ, ರಕ್ತವಾಗುತ್ತೆ, ನಾವೇ ಆಗುತ್ತೆ. ಮೈಯ ಕಣಕಣವೂ ಬದಲಾಗುತ್ತಾ ಹೋದರೂ 'ನಾನು' ಅನ್ನೋ ಆಕಾರ ಉಳಿಯುತ್ತದೆ. ಚಯಾಪಚಯ ಅಂತ ಪಿಯುಸಿ ಬಯಾಲಜಿಯಲ್ಲಿ ಎರಡು ಮಾರ್ಕಿಗೆ ಓದಿ ಬಿಟ್ಟದ್ದನ್ನ ಯೋನಾಸ್ ತತ್ವಶಾಸ್ತ್ರದ ಮಧ್ಯಕ್ಕೆ ತಂದು ಕೂರಿಸಿದರು. ಬಂಡೆಗೆ ಬಂಡೆಯಾಗಿ ಉಳಿಯೋಕೆ ಏನೂ ಮಾಡಬೇಕಿಲ್ಲ. ಜೀವಿ ಹಾಗಲ್ಲ, ಸುಮ್ಮನಿದ್ದರೆ ಸಾಯುತ್ತದೆ. ಹೊರಗಿನಿಂದ ತೆಗೆದುಕೊಳ್ಳುತ್ತಲೇ ಇರಬೇಕು, ಹೊರಗೆ ಬಿಡುತ್ತಲೇ ಇರಬೇಕು. ತನ್ನನ್ನು ಮಾಡಿದ ವಸ್ತುವಿನಿಂದ ಅದು ಸ್ವತಂತ್ರ, ಆದರೆ ಆ ಸ್ವಾತಂತ್ರ್ಯಕ್ಕೆ ಪ್ರತಿ ಕ್ಷಣವೂ ವಸ್ತು ಬೇಕು. ಅಂದರೆ ಸಾವು ಎಲ್ಲೋ ಎಂಬತ್ತನೇ ವಯಸ್ಸಿನಲ್ಲಿ ಬರೋ ಅತಿಥಿಯಲ್ಲ, ಮೊದಲ ಜೀವಕೋಶದಿಂದಲೂ ಬದುಕಿನ ಒಳಗೇ ಇದೆ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇನ್ನೊಂದು ಇದೆ. 1950ರ ಸುಮಾರಿಗೆ ನಾರ್ಬರ್ಟ್ ವೀನರ್ ಮತ್ತು ಸೈಬರ್ನೆಟಿಕ್ಸ್‌ನವರು, ಫೀಡ್‌ಬ್ಯಾಕ್ ಇರುವ ಯಂತ್ರಕ್ಕೂ ಉದ್ದೇಶ ಇದೆ ಅನ್ನುತ್ತಿದ್ದರು. ಗುರಿ ಹುಡುಕಿಕೊಂಡು ಹೋಗುವ ಟಾರ್ಪಿಡೋ ಗುರಿ ತಪ್ಪಿದರೆ ತಾನೇ ತಿರುಗಿಕೊಳ್ಳುತ್ತೆ, ಅದಕ್ಕೂ ಪ್ರಾಣಿಗೂ ಏನು ವ್ಯತ್ಯಾಸ ಅಂತ. ಯೋನಾಸ್ 1953ರಲ್ಲಿ ಇದಕ್ಕೆ ಉತ್ತರ ಬರೆದರು. ಉದ್ದೇಶಕ್ಕೆ ಬಳಕೆಯಾಗುವುದು ಬೇರೆ, ತನ್ನದೇ ಉದ್ದೇಶ ಇರುವುದು ಬೇರೆ. ಗುರಿ ಮುಟ್ಟದಿದ್ದರೆ ಟಾರ್ಪಿಡೋಗೆ ಏನೂ ಆಗಬೇಕಿಲ್ಲ. ಹಸಿದ ಬೆಕ್ಕಿಗೆ ಇಲಿ ತಪ್ಪಿಸಿಕೊಂಡರೆ ಆಗುತ್ತೆ. ಎಐ ಬಗ್ಗೆ ಇವತ್ತು ಕ್ಯಾಂಟೀನ್‌ನಲ್ಲಿ ನಡೆಯೋ ಅರ್ಧ ವಾದಗಳಿಗೆ ಈ ಉತ್ತರ ಸಾಕು ಅಂತ ನಮಗನ್ನಿಸಿತು. ಅದು ಬೇರೆ ಲೇಖನ.

ಈಗ ಸ್ಟಾಲ್‌ನ ಪ್ರಶ್ನೆಗೆ. ಹೃದಯ ಬಡಿಯುತ್ತಿದೆ, ಆದರೆ ಸತ್ತಿದ್ದಾರೆ ಅನ್ನೋ ವಾಕ್ಯವನ್ನ ನಮ್ಮ ಅಜ್ಜ ಅಜ್ಜಿ ಹೇಳುವುದು ಸಾಧ್ಯವೇ ಇರಲಿಲ್ಲ. ಅದನ್ನ ಸಾಧ್ಯ ಮಾಡಿದ್ದು ಒಂದು ಯಂತ್ರ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿ, ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಸಾಲುಸಾಲಾಗಿ ಆಸ್ಪತ್ರೆಗೆ ಬಂದರು. ಇದ್ದ ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಗಂಟಲಿಗೆ ತೂತು ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಗಾಳಿ ತುಂಬುವ ದಾರಿ ತೋರಿಸಿದರು. ಚೀಲ ಒತ್ತೋರು ಯಾರು? ಸುಮಾರು 1500 ವಿದ್ಯಾರ್ಥಿಗಳು. ನಮ್ಮ ವಯಸ್ಸಿನವರು, ಮೆಡಿಕಲ್ ಓದುತ್ತಿದ್ದವರು, ಪಾಳಿ ಹಾಕಿಕೊಂಡು ತಿಂಗಳುಗಟ್ಟಲೆ ಹಾಸಿಗೆ ಪಕ್ಕ ಕೂತು ಕೈಯಿಂದಲೇ ಉಸಿರು ಕೊಟ್ಟರು. ಎಷ್ಟೋ ಮಕ್ಕಳು ಬದುಕಿದವು. ಆ ಕೈಗಳ ಕೆಲಸವನ್ನ ಬೇಗನೆ ಮೋಟಾರು ವಹಿಸಿಕೊಂಡಿತು. ವೆಂಟಿಲೇಟರ್ ಮತ್ತು ಐಸಿಯುಗಳ ಕಥೆ ಅಲ್ಲಿಂದ ವೇಗ ಪಡೆಯುತ್ತೆ.

ಅದೇ ಯಂತ್ರ ಇನ್ನೊಂದು ಬಗೆಯ ರೋಗಿಯನ್ನೂ ಸೃಷ್ಟಿಸಿತು. ಮೆದುಳು ಪೂರ್ತಿ ಹೋಗಿದೆ, ಮತ್ತೆ ಎಚ್ಚರವಾಗುವ ಮಾತೇ ಇಲ್ಲ, ಆದರೆ ಯಂತ್ರ ಗಾಳಿ ಕೊಡುತ್ತಿರುವುದರಿಂದ ಹೃದಯ ಬಡಿಯುತ್ತಿದೆ, ಮೈ ಬೆಚ್ಚಗಿದೆ. ಇವರನ್ನ ಏನೆಂದು ಕರೆಯೋದು? ಅದರ ನಡುವೆ 1967ರ ಡಿಸೆಂಬರ್‌ನಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಸಲ ಮನುಷ್ಯನ ಹೃದಯವನ್ನ ಇನ್ನೊಬ್ಬ ಮನುಷ್ಯನಿಗೆ ಕಸಿ ಮಾಡಿದರು. ಎಂಟು ತಿಂಗಳ ನಂತರ, 1968ರ ಆಗಸ್ಟ್‌ನಲ್ಲಿ, ಹಾರ್ವರ್ಡ್‌ನ ಒಂದು ಸಮಿತಿ ವರದಿ ಕೊಟ್ಟಿತು: ಮರಳಿ ಬಾರದ ಕೋಮಾವನ್ನೇ ಸಾವಿನ ಹೊಸ ಮಾನದಂಡ ಎಂದುಕೊಳ್ಳೋಣ. ಯಾಕೆ ಹೊಸ ಮಾನದಂಡ ಅನ್ನೋದಕ್ಕೆ ವರದಿಯೇ ಎರಡು ಕಾರಣ ಕೊಡುತ್ತದೆ. ಒಂದು, ಇಂಥ ರೋಗಿಗಳಿಂದ ಮನೆಯವರಿಗೆ, ಆಸ್ಪತ್ರೆಗೆ, ಹಾಸಿಗೆಗಾಗಿ ಕಾಯುವವರಿಗೆ ಆಗುವ ಭಾರ. ಎರಡು, ಹಳೇ ಮಾನದಂಡ ಇಟ್ಟುಕೊಂಡರೆ ಕಸಿಗೆ ಅಂಗಾಂಗ ಪಡೆಯುವುದರಲ್ಲಿ ವಿವಾದ ಏಳುತ್ತದೆ.

ಯೋನಾಸ್‌ರನ್ನ ಕೆರಳಿಸಿದ್ದು ಆ ಎರಡನೇ ಕಾರಣ. 'ಅಗೇನ್ಸ್ಟ್ ದ ಸ್ಟ್ರೀಮ್' ಅಂದರೆ ಪ್ರವಾಹದ ವಿರುದ್ಧ ಎಂಬ ಪ್ರಬಂಧ ಬರೆದರು. ಪ್ರವಾಹ ಯಾವ ಕಡೆ ಹೋಗ್ತಿದೆ ಅಂತ ಅವರಿಗೆ ಗೊತ್ತಿತ್ತು, ಹೆಸರೇ ಹೇಳುತ್ತಲ್ಲ.

ಅವರ ವಾದವನ್ನ ಜನ ತಪ್ಪು ತಿಳಿಯೋದು ಇಲ್ಲೇ, ನಾವೂ ಮೊದಲ ಓದಿಗೆ ತಪ್ಪೇ ತಿಳಿದೆವು. ವೆಂಟಿಲೇಟರ್ ಆಫ್ ಮಾಡಬೇಡಿ ಅಂತ ಅವರು ಹೇಳಲಿಲ್ಲ. ಮಾಡಿ ಅಂದರು. ಮರಳಿ ಬರುವ ಆಸೆಯೇ ಇಲ್ಲದವರನ್ನ ಯಂತ್ರಕ್ಕೆ ಕಟ್ಟಿಹಾಕುವ ಹಕ್ಕು ಯಾರಿಗೂ ಇಲ್ಲ, ಸಾಯೋಕೆ ಬಿಡಿ. ಆದರೆ ಅದಕ್ಕೆ ಅವರು ಆಗಲೇ ಸತ್ತಿದ್ದಾರೆ ಅಂತ ಘೋಷಿಸುವ ಅಗತ್ಯ ಏನಿದೆ? 'ಇವರನ್ನ ಸಾಯೋಕೆ ಬಿಡಬಹುದಾ' ಅನ್ನೋದು ಒಂದು ಪ್ರಶ್ನೆ. 'ಇವರು ಸತ್ತಿದ್ದಾರಾ' ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಹೌದು ಅನ್ನೋಕೆ ಎರಡನೆಯದಕ್ಕೆ ಉತ್ತರವೇ ಬೇಕಿಲ್ಲ. ಹಾಗಿದ್ದರೂ ಸತ್ತಿದ್ದಾರೆ ಎಂಬ ಘೋಷಣೆ ಯಾಕೆ ಬೇಕಾಯಿತು? ಯಂತ್ರ ನಿಲ್ಲಿಸೋಕಲ್ಲ, ನಿಲ್ಲಿಸದೇ ಇರೋಕೆ. ಅಂಗಾಂಗ ತಾಜಾ ಇರಬೇಕಾದರೆ ರಕ್ತ ಹರೀತಿರಬೇಕು, ಅದಕ್ಕೆ ವೆಂಟಿಲೇಟರ್ ಓಡುತ್ತಲೇ ಇರಬೇಕು. ಬದುಕಿರುವ ರೋಗಿಗೆ ಹಾಗೆ ಮಾಡೋ ಹಾಗಿಲ್ಲ, ಹೆಣಕ್ಕೆ ಮಾಡಬಹುದು. ಆದ್ದರಿಂದ ಹೆಣ ಅಂತ ಕರೀರಿ. ಯೋನಾಸ್ ಬೆರಳಿಟ್ಟು ತೋರಿಸಿದ್ದು ಈ ತಿರುವನ್ನ.

ಬದುಕು ಮತ್ತು ಸಾವಿನ ನಡುವಿನ ಗೆರೆ ಸರಿಯಾಗಿ ಎಲ್ಲಿದೆ ಅಂತ ನಮಗೆ ಖಚಿತವಾಗಿ ತಿಳಿಯದು, ತಿಳಿಯದಿರುವ ಕಡೆ ವ್ಯಾಖ್ಯೆ ಬರೆದು ತಿಳುವಳಿಕೆಯ ಜಾಗ ತುಂಬಬಾರದು, ಅನುಮಾನ ಇದ್ದರೆ ಬದುಕಿನ ಕಡೆಗೇ ವಾಲಬೇಕು: ಇದು ಅವರ ನಿಲುವು. ಚಯಾಪಚಯದ ಮಾತು ಇಲ್ಲಿ ತಿರುಗಿ ಬರುತ್ತೆ. ಜೀವ ಎಂದರೆ ಇಡೀ ಮೈ ತನ್ನನ್ನು ತಾನು ಕಟ್ಟಿಕೊಳ್ಳುತ್ತಲೇ ಇರುವುದು ಅನ್ನುವವರಿಗೆ, ಯಂತ್ರದ ನೆರವಿನಿಂದಲೇ ಆದರೂ ಆ ಕೆಲಸ ನಡೆಯುತ್ತಿರುವ ಮೈಯನ್ನ ಹೆಣ ಅನ್ನೋದು ಸುಲಭವಲ್ಲ. ಹಿಂದೆ ಆತ್ಮ ಮತ್ತು ದೇಹ ಅಂತ ಎರಡು ಮಾಡಿ, ಆತ್ಮವೇ ಮನುಷ್ಯ, ದೇಹ ಬರೀ ಅಂಗಿ ಅಂತಿದ್ದರು. ಈಗ ಆತ್ಮದ ಜಾಗದಲ್ಲಿ ಮೆದುಳನ್ನ ಕೂರಿಸಿದ್ದೀರಿ, ಅದೇ ಹಳೇ ದ್ವೈತ ಹೊಸ ವೇಷದಲ್ಲಿ ಬಂದಿದೆ ಅಂತ ಯೋನಾಸ್ ಕುಟುಕಿದರು. (ದ್ವೈತ ಅಂದರೆ ಮಧ್ವಾಚಾರ್ಯರದ್ದಲ್ಲ, ದೆಕಾರ್ತ್‌ನದ್ದು.) ನಾವಂತೂ ಇದಕ್ಕೆ ಒಗ್ಗಿಹೋಗಿದ್ದೀವಿ. ಪ್ರೊಸೆಸರ್ ಹೋಯ್ತು, ಇನ್ನು ಕ್ಯಾಬಿನೆಟ್ ಇಟ್ಟುಕೊಂಡು ಏನು ಮಾಡ್ತೀಯ ಮಗಾ ಅಂತ ಆ ರಾತ್ರಿ ನಮ್ಮಲ್ಲೊಬ್ಬ ಕೇಳಿದ್ದ. ಅಮ್ಮನ ಕೈ ಹಿಡಿದು ಐಸಿಯುನಲ್ಲಿ ಕೂತ ಯಾವ ಮಗನೂ ಅದನ್ನ ಕ್ಯಾಬಿನೆಟ್ ಅನ್ನಲ್ಲ.

ಕನ್ನಡಿಗರಿಗೆ ಇದು ದೂರದ ಹಾರ್ವರ್ಡ್ ವಿಷಯವಲ್ಲ. 2021ರ ಜೂನ್ ನೆನಪಿದೆಯಾ? 'ನಾನು ಅವನಲ್ಲ ಅವಳು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿದರು. ಜೂನ್ 14ರಂದು ಮಿದುಳು ನಿಷ್ಕ್ರಿಯ ಅಂತ ಸುದ್ದಿ ಬಂತು, ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ದರು. ಅದೇ ದಿನ ಶ್ರದ್ಧಾಂಜಲಿಗಳೂ ಶುರುವಾದವು. ಇನ್ನೂ ಇದ್ದಾರೆ, ಹೃದಯ ಬಡೀತಿದೆ ಅಂತ ಸ್ಪಷ್ಟನೆಗಳೂ ಬಂದವು. ಶಾಂತಿ ಸಿಗಲಿ ಅಂತ ಬರೆದವರು ಡಿಲೀಟ್ ಮಾಡಿದರು. ನಿಧನ ಅಂತ ಅಧಿಕೃತವಾಗಿ ಬಂದಿದ್ದು ಮಾರನೇ ದಿನ, 15ಕ್ಕೆ. ಆ ಒಂದು ದಿನ ಇಡೀ ಕರ್ನಾಟಕ, ಇದ್ದಾರೋ ಇಲ್ಲವೋ ಅಂತ ಯಾವ ಕ್ರಿಯಾಪದ ಬಳಸಬೇಕು ತಿಳಿಯದೆ ನಿಂತಿತ್ತು. ನಾವಾಗ ಹೈಸ್ಕೂಲು, ಪಿಯುಸಿಯಲ್ಲಿದ್ದೆವು. ಯಾರೋ ಅವಸರ ಮಾಡಿ ತಪ್ಪು ಸುದ್ದಿ ಹಬ್ಬಿಸಿದರು ಅಂತ ಅಂದುಕೊಂಡಿದ್ದೆವು. ಅವಸರ ಇತ್ತು, ನಿಜ. ಆದರೆ ಗೊಂದಲದ ಬೇರು ಅವಸರದಲ್ಲಿ ಮಾತ್ರ ಇರಲಿಲ್ಲ ಅಂತ ಈಗ ಅನ್ನಿಸುತ್ತೆ.

ಭಾಷೆಯನ್ನೇ ನೋಡಿ. ಪ್ರಾಣ ಹೋಯ್ತು, ಉಸಿರು ನಿಂತಿತು, ಕೊನೆಯುಸಿರೆಳೆದರು, ಅಸುನೀಗಿದರು. ಸಾವಿಗೆ ಕನ್ನಡದಲ್ಲಿರೋ ಮಾತುಗಳಲ್ಲಿ ಎಷ್ಟೋ ಉಸಿರಿನ ಮೇಲೆ ನಿಂತಿವೆ. ಬ್ರೈನ್ ಡೆಡ್ ಅನ್ನೋದಕ್ಕೆ ಪತ್ರಿಕೆಗಳು ಏನು ಬರೆಯುತ್ತವೆ? 'ಮಿದುಳು ನಿಷ್ಕ್ರಿಯಗೊಂಡಿದ್ದ ಯುವಕನ ಅಂಗಾಂಗ ದಾನ.' ನಿಷ್ಕ್ರಿಯ ಅಂದರೆ ಕೆಲಸ ನಿಲ್ಲಿಸಿದೆ ಅಂತ, ಸತ್ತ ಅಂತ ಅಲ್ಲ. ಸಿಮ್ ಕೂಡ ನಿಷ್ಕ್ರಿಯವಾಗುತ್ತೆ. ಬರೆದ ವರದಿಗಾರರಿಗೂ ಸತ್ತ ಯುವಕ ಅಂತ ನೇರವಾಗಿ ಬರೆಯೋಕೆ ಕೈ ಬರಲ್ಲ ಅನ್ನಿಸುತ್ತೆ.

ಕಾನೂನಿನ ಕಡೆ ಬಂದರೆ ಯೋನಾಸ್ ಇನ್ನೂ ಹತ್ತಿರವಾಗ್ತಾರೆ. ನಮ್ಮ ದೇಶದಲ್ಲಿ ಮಿದುಳು ಕಾಂಡದ ಸಾವನ್ನ ಸಾವು ಅಂತ ಒಪ್ಪಿಕೊಂಡಿದ್ದು ಯಾವ ಕಾಯ್ದೆಯಲ್ಲಿ? 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಲ್ಲಿ. ಹುಟ್ಟು ಸಾವು ನೋಂದಣಿಯ 1969ರ ಕಾಯ್ದೆಯಲ್ಲಿರುವ ವ್ಯಾಖ್ಯೆಯಲ್ಲಿ ಮಿದುಳಿನ ಮಾತೇ ಇಲ್ಲ, ಜೀವದ ಎಲ್ಲ ಕುರುಹುಗಳೂ ಶಾಶ್ವತವಾಗಿ ಮರೆಯಾಗುವುದು ಅಂತ ಮಾತ್ರ ಇದೆ. ಹೀಗಾಗಿ ಮನೆಯವರು ದಾನಕ್ಕೆ ಒಪ್ಪಿದರೆ ದಾರಿ ಸ್ಪಷ್ಟ. ಒಪ್ಪದಿದ್ದರೆ, ಅದೇ ರೋಗಿಯ ವೆಂಟಿಲೇಟರ್ ತೆಗೆಯೋಕೆ ಎಷ್ಟೋ ಕಡೆ ವೈದ್ಯರು ಹಿಂದೆಮುಂದೆ ನೋಡ್ತಾರೆ. ಒಂದೇ ಮೈ, ಒಂದೇ ಪರೀಕ್ಷೆ. ದಾನ ಕೊಟ್ಟರೆ ಸತ್ತಂತೆ, ಕೊಡದಿದ್ದರೆ ನೋಡೋಣ. ಉಪಯೋಗಕ್ಕೆ ತಕ್ಕಂತೆ ಗೆರೆ ಎಳೆಯಬೇಡಿ ಅಂತ ಯೋನಾಸ್ ಎಚ್ಚರಿಸಿದ್ದು ಇದನ್ನೇ ಅಲ್ವಾ?

ನ್ಯಾಯವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ಅವರು ಹೆದರಿದ್ದ ಎಷ್ಟೋ ವಿಷಯಗಳಿಗೆ ನಮ್ಮ ಕಾನೂನು ಬೇಲಿ ಹಾಕಿದೆ. ನಾಲ್ಕು ವೈದ್ಯರ ಮಂಡಳಿ ಪ್ರಮಾಣೀಕರಿಸಬೇಕು, ಕಸಿ ಮಾಡುವ ತಂಡದವರು ಅದರಲ್ಲಿ ಇರುವ ಹಾಗಿಲ್ಲ. ಪರೀಕ್ಷೆಗಳನ್ನ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಮಾಡಬೇಕು. ಅದರಲ್ಲೊಂದು ಅಪ್ನಿಯಾ ಪರೀಕ್ಷೆ. ಆಮ್ಲಜನಕ ಮಾತ್ರ ಕೊಟ್ಟು ವೆಂಟಿಲೇಟರ್ ಬಿಡಿಸುತ್ತಾರೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರೋಕೆ ಬಿಡುತ್ತಾರೆ. ಮಿದುಳು ಕಾಂಡ ಚೂರು ಕೆಲಸ ಮಾಡ್ತಿದ್ದರೂ ಆ ಒತ್ತಡಕ್ಕೆ ಎದೆ ಏರಲೇಬೇಕು. 60 ಎಂಎಂ ಪಾದರಸ ದಾಟಿದರೂ ಏರಲಿಲ್ಲ ಅಂದರೆ ಇಲ್ಲ ಅಂತ. ಇದು ಕಾಟಾಚಾರದ ಪರೀಕ್ಷೆಯಲ್ಲ. ಸರಿಯಾಗಿ ಮಾಡಿದರೆ, ಇದರಲ್ಲಿ ಫೇಲ್ ಆದವರು ಎದ್ದು ಕೂರುವುದಿಲ್ಲ, ಆ ಭಯ ಯಾರಿಗೂ ಬೇಡ. ಯೋನಾಸ್ ಕೂಡ ಎದ್ದು ಕೂತಾರು ಅಂತ ವಾದಿಸಲಿಲ್ಲ. ಸಾಯುತ್ತಿದ್ದಾರೆ ಅನ್ನೋದರಲ್ಲಿ ಅನುಮಾನವಿಲ್ಲ, ಸತ್ತೇಬಿಟ್ಟಿದ್ದಾರೆ ಅಂತ ಹೇಳೋಕೆ ನೀವು ಯಾರು ಅನ್ನೋದಷ್ಟೇ ಅವರ ಮಾತು. ಕಣ್ಣಿನ ದಾನಕ್ಕೆ ಇದ್ಯಾವ ತಲೆನೋವೂ ಇಲ್ಲ ಅನ್ನೋದನ್ನೂ ಸ್ಟಾಲ್‌ನಲ್ಲಿ ಯಾರೂ ಹೇಳಲಿಲ್ಲ. ಅದು ಹೃದಯ ನಿಂತ ಮೇಲೆ ಕೊಡುವಂಥದ್ದು. ಡಾ. ರಾಜ್‌ಕುಮಾರ್, ಪುನೀತ್ ಇಬ್ಬರದೂ ಹಾಗೇ. ನಮ್ಮ ಫಾರ್ಮ್‌ನಲ್ಲಿ ಹೃದಯ, ಕಣ್ಣು ಎರಡೂ ಒಂದೇ ಸಾಲಿನಲ್ಲಿ ಎರಡು ಚೌಕ.

ಎರಡು ಪ್ರಶ್ನೆಗಳನ್ನ ಬೇರೆ ಇಡಿ ಅನ್ನೋ ಮಾತಿನ ತೂಕ ತಿಳಿಯಬೇಕಾದರೆ ಅರುಣಾ ಶಾನಭಾಗರನ್ನ ನೆನೆಯಬೇಕು. ಉತ್ತರ ಕನ್ನಡದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್‌ನಲ್ಲಿ ಆಸ್ಪತ್ರೆಯೊಳಗೇ ಆದ ಅತ್ಯಾಚಾರದ ದಾಳಿಯಲ್ಲಿ ಮೆದುಳಿಗೆ ಪೆಟ್ಟಾಗಿ ಮಲಗಿದವರು 2015ರ ಮೇ ತಿಂಗಳವರೆಗೆ ಮಲಗಿಯೇ ಇದ್ದರು. ಅವರು ಬ್ರೈನ್ ಡೆಡ್ ಅಲ್ಲ. ತಾವೇ ಉಸಿರಾಡ್ತಿದ್ದರು. ಸತ್ತಿದ್ದಾರಾ ಅನ್ನೋ ಪ್ರಶ್ನೆಯೇ ಅಲ್ಲಿ ಇರಲಿಲ್ಲ, ಸಾಯೋಕೆ ಬಿಡಬಹುದಾ ಅನ್ನೋದು ಮಾತ್ರ ಇತ್ತು. ಅವರ ಪರವಾಗಿ ಹಾಕಿದ ಅರ್ಜಿಯನ್ನ ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು, ಆದರೆ ಅದೇ ತೀರ್ಪಿನಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಚಿಕಿತ್ಸೆ ನಿಲ್ಲಿಸೋಕೆ ದಾರಿ ತೆರೆಯಿತು. ದಶಕಗಟ್ಟಲೆ ಅವರನ್ನ ನೋಡಿಕೊಂಡ ಕೆಇಎಂ ನರ್ಸ್‌ಗಳು ಅರ್ಜಿಗೆ ಒಪ್ಪಿರಲಿಲ್ಲ. ಅವರಿಗೆ ಅವರು ಸಹೋದ್ಯೋಗಿ. 2018ರಲ್ಲಿ ಘನತೆಯಿಂದ ಸಾಯುವುದೂ ಹಕ್ಕು, ಮೊದಲೇ ಉಯಿಲು ಬರೆದಿಡಬಹುದು ಅಂತ ಕೋರ್ಟ್ ಹೇಳಿತು, 2023ರಲ್ಲಿ ವಿಧಾನ ಸರಳವಾಯಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನ ಜಾರಿಗೆ ತರೋ ಆದೇಶ ಹೊರಡಿಸಿತು. ಯಾರನ್ನೂ ಸತ್ತವರು ಅಂತ ಕರೆಯದೆ, ಬದುಕಿರುವವರು ಅಂತ ಒಪ್ಪಿಕೊಂಡೇ ಬಿಟ್ಟುಕೊಡುವ ದಾರಿ. ಯೋನಾಸ್ 1978ರಲ್ಲಿ ಸಾಯುವ ಹಕ್ಕಿನ ಬಗ್ಗೆ ಬರೆದ ಪ್ರಬಂಧದ ದಿಕ್ಕೂ ಇದೇ.

ಹಾಗಾದ್ರೆ ನಾವು ಅವರ ಪಕ್ಷವಾ? ಪೂರ್ತಿ ಅಲ್ಲ. ಅವರ ಮಾತು ಅಕ್ಷರಶಃ ನಡೆದರೆ ಮಿದುಳು ನಿಷ್ಕ್ರಿಯವಾದವರಿಂದ ಹೃದಯ, ಲಿವರ್ ತೆಗೆಯುವಂತೆಯೇ ಇಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿ ಬರುವ ಮಾವ ನಮ್ಮಲ್ಲೊಬ್ಬನ ಮನೆಯಲ್ಲಿದ್ದಾರೆ. ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುತ್ತಿದ್ದಾರೆ. ಅವರೆದುರು ನಿಂತು ಗೆರೆ ಎಲ್ಲಿದೆ ಗೊತ್ತಿಲ್ಲ ಮಾವ ಅನ್ನೋಕೆ ನಮಗೆ ಬಾಯಿ ಬರಲ್ಲ.

ಇದಕ್ಕೆ ಉತ್ತರ ಯೋನಾಸ್ ಅವರದ್ದೇ ಇನ್ನೊಂದು ಬರಹದಲ್ಲಿ ಸಿಕ್ಕಿತು. 1969ರಲ್ಲಿ ಮನುಷ್ಯರ ಮೇಲೆ ನಡೆಸುವ ವೈದ್ಯಕೀಯ ಪ್ರಯೋಗಗಳ ಬಗ್ಗೆ ಬರೆದದ್ದು. ಮುಂದಿನವರ ಆರೋಗ್ಯಕ್ಕೋಸ್ಕರ ಇವತ್ತಿನ ಒಬ್ಬನನ್ನ ವಸ್ತುವಿನಂತೆ ಬಳಸುವ ಹಕ್ಕು ಸಮಾಜಕ್ಕಿಲ್ಲ ಅನ್ನುತ್ತಾರೆ. ಹಾಗಾದರೆ ಪ್ರಯೋಗಕ್ಕೆ ಯಾರು ಬರಬೇಕು? ಉದ್ದೇಶ ಏನು, ಅಪಾಯ ಏನು ಅಂತ ಚೆನ್ನಾಗಿ ಬಲ್ಲವರು, ಅದನ್ನ ತಮ್ಮದೇ ಕೆಲಸ ಅಂದುಕೊಂಡವರು, ಇಲ್ಲ ಅನ್ನೋ ಸ್ವಾತಂತ್ರ್ಯ ಇರುವವರು ಮೊದಲು. ಅಂದರೆ ಮೊದಲ ಸಾಲಿನಲ್ಲಿ ಸಂಶೋಧಕರೇ. ತಿಳುವಳಿಕೆ, ಸ್ವಾತಂತ್ರ್ಯ ಕಡಿಮೆಯಾದಂತೆಲ್ಲ ಅವರನ್ನ ಕೊನೆಗೆ, ತೀರಾ ಅಗತ್ಯವಿದ್ದರೆ ಮಾತ್ರ.

ಇದನ್ನ ಓದುವಾಗ ಇಬ್ಬರು ಮುಖ ಮುಖ ನೋಡಿಕೊಂಡೆವು. ಕಳೆದ ವರ್ಷ ನಮ್ಮ ಮಿನಿ ಪ್ರಾಜೆಕ್ಟ್ ಬೆರಳಿಗೆ ಹಾಕೋ ಆಕ್ಸಿಜನ್ ಸೆನ್ಸರ್. ರೀಡಿಂಗ್ ಬೇಕಿತ್ತು ನಲವತ್ತು ಜನರದ್ದು. ಯಾರ ಹತ್ತಿರ ಹೋದೆವು? ಗೇಟ್‌ನ ಸೆಕ್ಯೂರಿಟಿ ಅಣ್ಣಂದಿರು, ಮೆಸ್‌ನಲ್ಲಿ ಪಾತ್ರೆ ತೊಳೆಯೋ ಅಕ್ಕಂದಿರು. ಯಾಕೆ ಅಂದರೆ ಅವರು ಇಲ್ಲ ಅನ್ನಲ್ಲ. ಕೆಲಸ ಬಿಟ್ಟು ಹತ್ತು ನಿಮಿಷ ಕೂರಿಸಿಕೊಂಡೆವು, ಏನಕ್ಕೆ ಅಂತ ಸರಿಯಾಗಿ ಹೇಳಲೂ ಇಲ್ಲ. ಒಬ್ಬ ಅಕ್ಕ "ನಂಗೇನಾದ್ರೂ ಕಾಯಿಲೆ ಇದ್ಯಾ ಮಗಾ?" ಅಂತ ಕೇಳಿದ್ದು ಈಗಲೂ ಕಿವಿಯಲ್ಲಿದೆ. ಸೆನ್ಸರ್‌ನಿಂದ ಯಾರಿಗೂ ತೊಂದರೆಯಾಗಲಿಲ್ಲ, ಎ ಗ್ರೇಡ್ ಬಂತು. ಆದರೆ ಯೋನಾಸ್ ಸಾಲನ್ನ ನಾವು ತಿರುಗಿಸಿ ನಿಲ್ಲಿಸಿದ್ದೆವು. ಪ್ರೊಫೆಸರ್‌ಗಳ ಬೆರಳು ಕೇಳೋ ಯೋಚನೆ ಕೂಡ ನಮಗೆ ಬಂದಿರಲಿಲ್ಲ.

ಯೋನಾಸ್ ಈ ವಾದವನ್ನ ಅಂಗಾಂಗ ದಾನಕ್ಕೆ ಹೀಗೆ ಹಚ್ಚಲಿಲ್ಲ, ಹಚ್ಚುತ್ತಿರುವವರು ನಾವು. ಗೆರೆ ಎಲ್ಲಿದೆ ಅನ್ನೋ ಅನಿಶ್ಚಯ ಇದೆ ಅಂತ ಗೊತ್ತಿದ್ದೂ, ನನ್ನ ಹೃದಯ ಬಡಿಯುತ್ತಿರುವಾಗಲೇ ತೆಗೆದುಕೊಳ್ಳಿ, ಆ ಸ್ಥಿತಿಯಲ್ಲಿ ನನಗೆ ಇದೇ ಬೇಕು ಅಂತ ಒಬ್ಬ ಬಲ್ಲವನಾಗಿ ಹೇಳಿದರೆ, ಆ ಅನಿಶ್ಚಯದ ಭಾರವನ್ನ ಅವನೇ ಹೊತ್ತುಕೊಂಡಂತೆ. ಆಗ ಅದು ನಿಜವಾಗಿ ದಾನ. ಹೆಣದಿಂದ ಬಿಡಿಭಾಗ ತೆಗೆದದ್ದಲ್ಲ, ಸಾಯುವ ಮನುಷ್ಯ ಕೊಟ್ಟದ್ದು. ಯೋನಾಸ್ ಪ್ರಶ್ನೆಯನ್ನ ಮುಚ್ಚಿಡದೆ ಅಂಗಾಂಗ ದಾನವನ್ನ ಉಳಿಸಿಕೊಳ್ಳೋ ದಾರಿ ನಮಗೆ ಕಂಡಿದ್ದು ಇದೊಂದೇ. ಆದರೆ ಅದರ ಬೆಲೆ ಏನೆಂದರೆ, ಒಪ್ಪಿಗೆ ಕೊಡುವವನಿಗೆ ಗೊತ್ತಿರಬೇಕು. ಹಸಿರು ಬ್ಯಾಂಡ್‌ಗೆ, ಇನ್‌ಸ್ಟಾಗ್ರಾಂ ಸ್ಟೋರಿಗೆ ಒಂದು ನಿಮಿಷದಲ್ಲಿ ಹಾಕಿದ ಟಿಕ್ ಆ ಭಾರ ಹೊರಲ್ಲ. ಇಷ್ಟು ಹೆಸರು ಸಂಗ್ರಹಿಸಿದೆವು ಅಂತ ಫೆಸ್ಟ್ ರಿಪೋರ್ಟಿನಲ್ಲಿ ಹಾಕಿಕೊಳ್ಳುವ ಸಂಖ್ಯೆ ಯಾವ ಕಿಡ್ನಿಯನ್ನೂ ಯಾರಿಗೂ ತಲುಪಿಸಲ್ಲ. ಹೇಗೂ ಆ ಹೊತ್ತಿಗೆ ಐಸಿಯು ಹೊರಗೆ ನಿಂತು ಹ್ಞೂಂ ಅನ್ನಬೇಕಾದವರು ಮನೆಯವರು. ಅವರಿಗೆ ಗೊತ್ತೇ ಇಲ್ಲದ ಪ್ರತಿಜ್ಞೆ ಅಲ್ಲಿಗೆ ನಿಲ್ಲುತ್ತೆ.

ಮುಂದಿನ ವರ್ಷದ ಸ್ಟಾಲ್‌ನವರಿಗೆ ನಮ್ಮ ಕೋರಿಕೆ ಇಷ್ಟೇ. ಹೃದಯ ಬಡಿಯುತ್ತಿರುತ್ತೆ ಅನ್ನೋದನ್ನ ಬ್ಯಾನರ್ ಮೇಲೇ ಬರೆಯಿರಿ. ಕಣ್ಣಿಗೂ ಹೃದಯಕ್ಕೂ ಇರೋ ವ್ಯತ್ಯಾಸ ಹೇಳಿ. ಕೇಳಿದವರಿಗೆ ಅಪ್ನಿಯಾ ಪರೀಕ್ಷೆ ವಿವರಿಸೋ ಒಬ್ಬರು ಡಾಕ್ಟರನ್ನ ಅರ್ಧ ದಿನಕ್ಕಾದರೂ ಕರೆಸಿ. ಜನ ಓಡಿಹೋಗ್ತಾರೆ ಅನ್ನೋ ಭಯ ಬೇಡ. ಕೆಲವರು ಹೋಗ್ತಾರೆ, ಹೋಗಲಿ.

ಯೋನಾಸ್ ತೀರಿಕೊಂಡದ್ದು 1993ರ ಫೆಬ್ರುವರಿಯಲ್ಲಿ, ತೊಂಬತ್ತಕ್ಕೆ ಮೂರು ತಿಂಗಳಿತ್ತು. ಹಿಂದಿನ ವರ್ಷವಷ್ಟೇ, ಸಾವು ಭಾರವೂ ಹೌದು, ವರವೂ ಹೌದು ಅಂತ ಬರೆದಿದ್ದರು. ಹಳಬರು ಹೋಗದಿದ್ದರೆ ಲೋಕವನ್ನ ಮೊದಲ ಸಲ ನೋಡೋ ಹೊಸ ಕಣ್ಣುಗಳಿಗೆ ಜಾಗ ಎಲ್ಲಿ ಅನ್ನೋದು ಅದರ ವಾದ. ಆ ವಯಸ್ಸಿನಲ್ಲಿ ತನ್ನನ್ನೂ ಸೇರಿಸಿಕೊಂಡು ಅದನ್ನ ಬರೆಯೋಕೆ ಧೈರ್ಯ ಬೇಕು.

ನಮ್ಮ ಐವರ ಲೆಕ್ಕ ಕೇಳ್ತೀರಾದರೆ: ಟಿಕ್ ಹಾಕಿದ್ದ ಮೂವರಲ್ಲಿ ಇಬ್ಬರು ಹಾಗೇ ಇಟ್ಟುಕೊಂಡಿದ್ದಾರೆ, ಒಬ್ಬ ಸದ್ಯಕ್ಕೆ ಕಣ್ಣಿಗೆ ಮಾತ್ರ ಅಂತಿದ್ದಾನೆ. ಐದನೆಯವಳು ಮೊನ್ನೆ ಹೆಸರು ಕೊಟ್ಟಳು. ನಾಲ್ಕನೆಯವನು ಹೋದ ಭಾನುವಾರ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದ. ಅಮ್ಮ ಮೊದಲು ಬೈದರಂತೆ, ಗಾಡಿ ನಿಧಾನಕ್ಕೆ ಓಡಿಸು ಅಂದರಂತೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಸಿರಾಡ್ತಿರೋ ನಿನ್ನ ಹೆಂಗೋ ಕೊಡ್ಲಿ ನಾನು?" ಅಂತ ಕೇಳಿದರಂತೆ. "ಅದನ್ನೇ ಅಮ್ಮ ನಾನೂ ಓದ್ತಿರೋದು" ಅಂದನಂತೆ ಇವನು. ದಸರಾ ರಜೆಗೆ ಊರಿಗೆ ಹೋದಾಗ ಮಾತು ಮುಂದುವರಿಸೋದು ಅಂತ ಆಗಿದೆ.